ಪಕ್ಕದವರ ಬೋರು, ನಿಮ್ಮ ನೀರು: ಸಂಪಾದಕರ ಉತ್ತರ

ನಮಸ್ಕಾರ. ನಿಮ್ಮ ನಾಲ್ಕು ಪುಟದ ಪತ್ರ ಬಂತು. ಹೆಸರು, ಊರು ಬೇಡ ಎಂದಿದ್ದೀರಿ, ಹಾಕಿಲ್ಲ. ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು: ನೀವು ಕೋಲಾರ ತಾಲ್ಲೂಕಿನ ರೈತರು. ಮೂರು ಎಕರೆ ಜಮೀನು, ಟೊಮೆಟೊ ಬೆಳೆ. ಮೊದಲ ಬೋರು ಬತ್ತಿತು. ಎರಡನೆಯದರಲ್ಲಿ ಎರಡು ಇಂಚು ನೀರು ಸಿಕ್ಕಿತು. ಈ ಬೇಸಿಗೆಯಲ್ಲಿ ಪಕ್ಕದ ಜಮೀನಿನವರು ಬದುವಿಗೆ ಅಂಟಿಕೊಂಡಂತೆ ಇನ್ನೂ ಆಳದ ಬೋರು ಕೊರೆಸಿದರು. ಈಗ ನಿಮ್ಮ ಮೋಟಾರ್ ಇಪ್ಪತ್ತು ನಿಮಿಷ ನೀರು ಕೊಟ್ಟು, ಆಮೇಲೆ ಬರೀ ಗಾಳಿ ಉಗುಳುತ್ತದೆ. ಪಂಚಾಯ್ತಿಗೆ ಹೋದರೆ ‘ನೀವು ನೀವೇ ಬಗೆಹರಿಸಿಕೊಳ್ಳಿ’ ಎಂದರಂತೆ.

ಅಂತರ್ಜಲವನ್ನು ಊರೇ ನೋಡಿಕೊಳ್ಳಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ನಿಮಗೆ ಸಿಟ್ಟು ತರಿಸಿದೆ. ‘ಡೇರಿ ಎಲೆಕ್ಷನ್ನಿನಲ್ಲಿ ಕುರ್ಚಿ ಎತ್ತಿ ಎಸೆಯುವ ಊರು ನಮ್ಮದು. ಇವರು ನೀರು ಹಂಚುತ್ತಾರಾ? ಪಟ್ಟಣದಲ್ಲಿ ಕೂತು ಸುಮ್ನೆ ಬರೀಬೇಡಿ’ ಎಂದಿದ್ದೀರಿ. ಕೊನೆಗೆ ಮೂರು ಪ್ರಶ್ನೆ ಕೇಳಿದ್ದೀರಿ. ನನ್ನ ನೆಲದಡಿಯ ನೀರು ಯಾರದು? ಕೆರೆಗೆ ಬಿಡುತ್ತಿರುವ ಬೆಂಗಳೂರಿನ ನೀರನ್ನು ನಂಬಬಹುದಾ? ಮೂರನೇ ಬೋರು ಕೊರೆಸಲಾ, ಬೇಡವಾ?

ಮೊದಲ ಪ್ರಶ್ನೆಗೆ ಕಾನೂನು ಹೇಳುವುದು ನಿಮಗೆ ಹಿಡಿಸಲಿಕ್ಕಿಲ್ಲ. 1843ರಲ್ಲಿ ಇಂಗ್ಲೆಂಡಿನಲ್ಲಿ ಹೆಚ್ಚು ಕಡಿಮೆ ನಿಮ್ಮದೇ ತಕರಾರು ಕೋರ್ಟಿಗೆ ಬಂದಿತ್ತು. ಒಬ್ಬರ ಹತ್ತಿ ಗಿರಣಿಗೆ ಬಾವಿಯ ನೀರು ಆಧಾರ. ಹತ್ತಿರದಲ್ಲೇ ಇನ್ನೊಬ್ಬರು ಕಲ್ಲಿದ್ದಲು ಗಣಿ ತೋಡಿದರು, ಬಾವಿ ಬತ್ತಿತು. ಗಿರಣಿಯವರಿಗೆ ಪರಿಹಾರ ಸಿಗಲಿಲ್ಲ. ನೆಲದಡಿಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೋ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಹರಿಯುವ ಹೊಳೆಗೆ ಇರುವ ನಿಯಮ ಅದಕ್ಕೆ ಹೊಂದುವುದಿಲ್ಲ ಎನ್ನುವುದು ಕೋರ್ಟು ಕೊಟ್ಟ ಕಾರಣಗಳಲ್ಲಿ ಒಂದು. ನಮ್ಮ 1882ರ ಈಸ್‌ಮೆಂಟ್ ಕಾಯಿದೆಯಲ್ಲೂ (ಅಕ್ಕಪಕ್ಕದ ಜಮೀನುಗಳ ಹಕ್ಕಿನ ಕಾಯಿದೆ) ಅದೇ ಧಾಟಿ ಇದೆ. ಗೊತ್ತಾದ ಕಾಲುವೆಯಲ್ಲಿ ಹರಿಯದ, ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಎತ್ತಿಕೊಳ್ಳುವ ಹಕ್ಕು ಜಮೀನಿನ ಒಡೆಯನಿಗೆ ಇದೆ. ಅಂದರೆ ನಿಮಗೂ ಇದೆ, ಪಕ್ಕದವರಿಗೂ ಇದೆ. ಜಾಸ್ತಿ ಆಳ ಹೋದವರು ಗೆದ್ದರು.

ನಮ್ಮ ರಾಜ್ಯದಲ್ಲಿ ಇದರ ಮೇಲೆ ಇನ್ನೆರಡು ಕಾನೂನು ಬಂದಿವೆ. 1999ರದ್ದು ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ. ಸಾರ್ವಜನಿಕ ಕುಡಿಯುವ ನೀರಿನ ಬಾವಿಯಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬೋರು ಕೊರೆಸುವಂತಿಲ್ಲ. 2011ರ ಕಾಯಿದೆ ಪ್ರಕಾರ, ಸರ್ಕಾರ ಪಟ್ಟಿ ಮಾಡಿ ಪ್ರಕಟಿಸಿದ (ಅಧಿಸೂಚಿತ) ತಾಲ್ಲೂಕುಗಳಲ್ಲಿ ಹೊಸ ಬೋರಿಗೆ ಅಂತರ್ಜಲ ಪ್ರಾಧಿಕಾರದ ಒಪ್ಪಿಗೆ ಬೇಕು. ಕಾಗದದ ಮೇಲೆ ಇದು ಸರಿ. ಆದರೆ ರಾತ್ರಿ ಹತ್ತಕ್ಕೆ ರಿಗ್ ಲಾರಿ ಬಂದು ಬೆಳಗಾಗುವುದರೊಳಗೆ ಸಾವಿರ ಅಡಿ ಇಳಿಸಿ ಹೋಗುತ್ತದೆ. ಅದನ್ನು ನೋಡುವವರು ಊರಿನವರು. ಅನುಮತಿಯ ಮಾತು ಜಿಲ್ಲೆಯ ಕಚೇರಿಯದು. ಪಂಚಾಯ್ತಿಗೆ ಇದರಲ್ಲಿ ಬಾಯಿಯೇ ಇಲ್ಲ. ನಮ್ಮ ತಕರಾರು ಇರುವುದು ಇಲ್ಲೇ.

ಈಗ ಒಂದು ಲೆಕ್ಕ ನೋಡೋಣ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಇಂಚು ಎಂದಿರಿ. ಬೋರು ಕೊರೆದ ದಿನ ವಿ ಆಕಾರದ ಹಲಗೆಯಲ್ಲಿ ನೀರು ಹರಿಸಿ ಅಳೆಯುವ ಇಂಚು ಅದಾದರೆ, ಅದು ಸ್ವಲ್ಪ ಮೋಸದ ಅಳತೆ. ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಎಂದರೆ ಸಾವಿರ ಅಲ್ಲ, 2,900ರ ಹತ್ತಿರ. ಮೂರಾದರೆ 8,000. ಇಂಚು ಎಂದರೆ ಆ ವಿಯಲ್ಲಿ ನೀರಿನ ಎತ್ತರ, ಅದು ಏರಿದ ಹಾಗೆ ವಿ ಅಗಲವೂ ಆಗುತ್ತದಲ್ಲ, ಅದಕ್ಕೆ. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕರೆಂಟು, ವರ್ಷದಲ್ಲಿ 300 ದಿನ ಮೋಟಾರ್ ಓಡಿತು ಎಂದು ಇಟ್ಟುಕೊಳ್ಳಿ. ಸುಮಾರು 60 ಲಕ್ಷ ಲೀಟರ್ ಎತ್ತಿದಿರಿ.

ಒಳಗೆ ಹೋದದ್ದೆಷ್ಟು? ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್. ನಿಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಎಕರೆಗೆ 28 ಲಕ್ಷ ಲೀಟರ್ ಆಯಿತು. ಕೋಲಾರದಂಥ ಕಲ್ಲು ನೆಲದಲ್ಲಿ ಅದರಲ್ಲಿ ಇಂಗುವುದು ಸರ್ಕಾರಿ ಲೆಕ್ಕದಲ್ಲೇ ನೂರಕ್ಕೆ ಐದರಿಂದ ಹನ್ನೆರಡು ಪಾಲು. ಧಾರಾಳವಾಗಿ ಹತ್ತು ಎನ್ನೋಣ. ಮೂರು ಎಕರೆಗೆ ಎಂಟೂವರೆ ಲಕ್ಷ. ಎತ್ತಿದ್ದು 60 ಲಕ್ಷ, ನಿಮ್ಮ ನೆಲದಲ್ಲಿ ಇಂಗಿದ್ದು ಎಂಟೂವರೆ. ಉಳಿದದ್ದು ಯಾರ ಹೊಲದ ಮೇಲೆ ಬಿದ್ದ ಮಳೆ? ಬೋರೇ ಇಲ್ಲದೆ ರಾಗಿ, ಹುರುಳಿ ಹಾಕಿಕೊಂಡು ಕೂತವರದ್ದೂ ಅದರಲ್ಲಿ ಇದೆ. ಪಕ್ಕದವರು ನಿಮಗೆ ಮಾಡಿದ್ದನ್ನು ನೀವು ಇನ್ಯಾರಿಗೋ ಮೊದಲೇ ಮಾಡಿದ್ದೀರಿ. ಬೈಯಲು ಹೇಳಿದ ಮಾತಲ್ಲ ಇದು. ಹತ್ತು ಎಚ್‌ಪಿವರೆಗೆ ಕರೆಂಟು ಪುಕ್ಕಟೆ, ಮಾರ್ಕೆಟ್ಟು ಕೇಳುವುದು ಟೊಮೆಟೊ. ನಿಮ್ಮ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು.

ಇನ್ನು ‘ನಮ್ಮ ಊರಲ್ಲಿ ಆಗದು’ ಎಂಬ ಮಾತು. ಡೇರಿಯ ಉದಾಹರಣೆ ಕೊಟ್ಟವರು ನೀವೇ, ಅದನ್ನೇ ಇಟ್ಟುಕೊಂಡು ವಾದ ಮಾಡುತ್ತೇನೆ. ಅಧ್ಯಕ್ಷಗಿರಿಗೆ ಕುರ್ಚಿ ಹಾರಬಹುದು. ಆದರೆ ಮಾರನೇ ಬೆಳಿಗ್ಗೆ ಆರಕ್ಕೆ ಎರಡೂ ಪಾರ್ಟಿಯವರು ಕ್ಯಾನ್ ಹಿಡಿದು ಅದೇ ಸಾಲಿನಲ್ಲಿ ನಿಲ್ಲುತ್ತಾರೆ, ಅಲ್ವಾ? ಹಾಲು ಎಲ್ಲರ ಕಣ್ಣೆದುರು ಅಳತೆಗೆ ಹೋಗುತ್ತದೆ. ಫ್ಯಾಟ್ ಎಷ್ಟು ಎಂದು ಮಷಿನ್ ತೋರಿಸುತ್ತದೆ, ಸೆಕ್ರೆಟರಿ ಚೀಟಿ ಕೊಡುತ್ತಾರೆ. ಅಂಕಿ ಸರಿ ಇಲ್ಲ ಅನ್ನಿಸಿದರೆ ಅಲ್ಲೇ ಕೇಳಬಹುದು. ಊರು ಒಗ್ಗಟ್ಟಾಗಿದೆ ಎಂದು ಡೇರಿ ನಡೆಯುತ್ತಿಲ್ಲ. ಅಳತೆ ಬಯಲಲ್ಲಿ ಇದೆ, ಅದಕ್ಕೆ ನಡೆಯುತ್ತಿದೆ. ನೀರಿಗೆ ಇಲ್ಲದಿರುವುದು ಅದೇ. ನಿಮ್ಮ ಬೋರಿನ ಮಟ್ಟ ಪಕ್ಕದವರಿಗೆ ಗೊತ್ತಿಲ್ಲ, ಅವರದ್ದು ನಿಮಗೆ ಗೊತ್ತಿಲ್ಲ. 1843ರ ಕೋರ್ಟು ‘ಕಾಣುವುದಿಲ್ಲ’ ಎಂದು ಕೈ ತೊಳೆದುಕೊಂಡಿತು. ಈಗ ಅದನ್ನು ಕಾಣುವಂತೆ ಮಾಡಲು ಒಂದು ಹಗ್ಗ, ಒಂದು ಬಕೆಟ್, ಒಂದು ಗಡಿಯಾರ ಸಾಕು.

ನಿಮ್ಮ ಪಕ್ಕದ ಆಂಧ್ರದಲ್ಲೇ ಇದು ನಡೆದಿತ್ತು. 2003ರ ಸುಮಾರಿಗೆ ಶುರುವಾದ ಯೋಜನೆ, ಚಿತ್ತೂರು, ಅನಂತಪುರ ಸೇರಿ ಆಗಿನ ಏಳು ಜಿಲ್ಲೆಗಳಲ್ಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿತ್ತು. ರೈತರೇ ಮಳೆ ಅಳೆದರು, ಬಾವಿಯ ಮಟ್ಟ ಅಳೆದರು. ಮುಂಗಾರು ಮುಗಿದ ಮೇಲೆ, ಹಿಂಗಾರಿ ಬಿತ್ತನೆಗೆ ಮುಂಚೆ ಊರ ಸಭೆ ಸೇರಿ ‘ಇಷ್ಟು ನೀರಿದೆ, ನೀವೆಲ್ಲ ಹಾಕಬೇಕು ಎಂದಿರುವ ಬೆಳೆಗೆ ಇಷ್ಟು ಬೇಕು’ ಎಂದು ಗೋಡೆ ಮೇಲೆ ಬರೆದರು. ಯಾರಿಗೂ ಭತ್ತ ಹಾಕಬೇಡಿ ಎನ್ನಲಿಲ್ಲ. ಆದರೂ ಎಷ್ಟೋ ಜನ ಭತ್ತ ಕಡಿಮೆ ಮಾಡಿದರು. ಸಾಲ ಮಾಡಿ ನಾಟಿ ಮಾಡಿ, ಮಾರ್ಚಿನಲ್ಲಿ ಒಣಗಿಸಿಕೊಳ್ಳಲು ಯಾರಿಗೆ ತಾನೇ ಇಷ್ಟ? ಯೋಜನೆಯ ದುಡ್ಡು ನಿಂತ ಮೇಲೆ ಎಲ್ಲ ಊರಲ್ಲೂ ಅಳತೆ ಉಳಿಯಲಿಲ್ಲ ಎನ್ನುವುದೂ ನಿಜ. 2019ರ ಡಿಸೆಂಬರ್‌ನಲ್ಲಿ ಶುರುವಾದ ಕೇಂದ್ರದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಇದೇ ದಾರಿ ಹಿಡಿಯಿತು. ಪಂಚಾಯ್ತಿ ಗೋಡೆ ಮೇಲೆ ನೀರಿನ ಆಯವ್ಯಯ ಬರೆಸಿದ್ದನ್ನು ನೀವೂ ನೋಡಿರಬಹುದು. ಆ ಅಂಕಿ ಯಾರು ಅಳೆದದ್ದು ಎಂದು ಊರಿನ ಹತ್ತು ಜನರನ್ನು ಕೇಳಿ ನೋಡಿ. ಒಬ್ಬರೂ ‘ನಾನು’ ಎನ್ನದಿದ್ದರೆ ಅದು ಬರೀ ಬಣ್ಣ.

ಅಳತೆಯ ಮೇಲೆ ನಿಯಮವೂ ಬೇಕು ಎನ್ನುವವರಿಗೆ ಮಹಾರಾಷ್ಟ್ರದಲ್ಲಿ ಎರಡು ಊರುಗಳಿವೆ. ಹಿವರೆ ಬಾಜಾರ್ ಎಲ್ಲರಿಗೂ ಗೊತ್ತು. ಅಲ್ಲಿ ನೀರಾವರಿಗೆ ಬೋರು ಕೊರೆಸುವಂತಿಲ್ಲ, ಕಬ್ಬು, ಬಾಳೆ ಹಾಕುವಂತಿಲ್ಲ. ಆ ವರ್ಷದ ಮಳೆ ನೋಡಿ ಬೆಳೆ ತೀರ್ಮಾನ. ನಮಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವ್. 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ಅಲ್ಲಿ ಪಾಣಿ ಪಂಚಾಯತ್ ಕಟ್ಟಿದರು. ನೀರಿನ ಪಾಲನ್ನು ಜಮೀನಿಗೆ ಕೊಡಲಿಲ್ಲ, ತಲೆಗೆ ಕೊಟ್ಟರು. ಒಬ್ಬರಿಗೆ ಅರ್ಧ ಎಕರೆಗೆ ಆಗುವಷ್ಟು ನೀರು, ಒಂದು ಮನೆಗೆ ಜಾಸ್ತಿ ಎಂದರೆ ಎರಡೂವರೆ ಎಕರೆಗೆ. ಇಪ್ಪತ್ತು ಎಕರೆ ಇದ್ದವರಿಗೂ ಅಷ್ಟೇ. ಜಮೀನೇ ಇಲ್ಲದವರಿಗೂ ನೀರಿನ ಪಾಲಿತ್ತು. ಜಮೀನು ಮಾರಿದರೆ ನೀರು ಅದರ ಜೊತೆ ಹೋಗುವುದಿಲ್ಲ. ಕಬ್ಬಿಗೆ ಜಾಗ ಇಲ್ಲ. 1882ರ ಕಾಯಿದೆಯನ್ನು ಒಂದು ಸಣ್ಣ ಊರು ತಲೆಕೆಳಗು ಮಾಡಿತ್ತು. ನಿಮ್ಮ ಊರಲ್ಲಿ ನಾಳೆಯೇ ಇದು ಆಗುತ್ತದೆ ಎನ್ನುವಷ್ಟು ಭ್ರಮೆ ನಮಗಿಲ್ಲ.

‘ಹಿಂದೆ ನೀರುಗಂಟಿ ಇದ್ದಾಗ ಎಲ್ಲ ಚೆನ್ನಾಗಿತ್ತು’ ಎಂದೂ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಕೆರೆಯ ತೂಬು ಎಷ್ಟು ಎತ್ತಬೇಕು, ಈ ರಾತ್ರಿ ಯಾವ ಗದ್ದೆಗೆ ನೀರು ಎಂದು ತೀರ್ಮಾನ ಮಾಡುತ್ತಿದ್ದವರು ಅವರು. ಮಡೆ ಕಟ್ಟಿಕೊಂಡು, ಲಾಟೀನು ಹಿಡಿದು ಅಚ್ಚುಕಟ್ಟು ಸುತ್ತುತ್ತಿದ್ದರು. ಅಚ್ಚುಕಟ್ಟಿನಲ್ಲಿ ಅವರದೇ ಗದ್ದೆ ಇರುವುದು ಕಡಿಮೆ, ಆದ್ದರಿಂದ ಪಕ್ಷಪಾತಕ್ಕೂ ಕಾರಣ ಕಡಿಮೆ. ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು, ಜೊತೆಗೆ ಒಂದಿಷ್ಟು ಇನಾಂ ಭೂಮಿ. ಆದರೆ ಊರ ನೀರಿನ ಬೀಗದ ಕೈ ಹಿಡಿದವರನ್ನು ಊರ ಬಾವಿ ಹತ್ತಿರ ಬಿಡುತ್ತಿರಲಿಲ್ಲ, ಬಹಳ ಕಡೆ ಅವರು ದಲಿತರು. ಗೌಡರ ಗದ್ದೆಗೆ ಮೊದಲು ಬಿಡು ಎಂದರೆ ಇಲ್ಲ ಎನ್ನುವ ಧೈರ್ಯ ಎಲ್ಲರಿಗೂ ಎಲ್ಲಿಂದ ಬರಬೇಕು? ಹಳೆಯದನ್ನು ಹಾಗೇ ತರುವುದು ಬೇಡ. ನೀರು ಅಳೆಯುವ, ಬಿಡುವ ಕೆಲಸ ಬೋರಿನ ಒಡೆಯರ ಕೈಯಲ್ಲಿ ಇರಬಾರದು, ಅದಕ್ಕೆ ಸಂಬಳ ಇರಬೇಕು ಎನ್ನುವಷ್ಟನ್ನು ತೆಗೆದುಕೊಳ್ಳೋಣ.

ಎರಡನೇ ಪ್ರಶ್ನೆ, ಕೆ.ಸಿ. ವ್ಯಾಲಿ ನೀರಿನ ವಿಷಯಕ್ಕೆ ಬರೋಣ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಇದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ನೊರೆ ಎದ್ದಿತು. ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ತಡೆ, ತೆರವು ಎಲ್ಲ ಆಗಿ 2019ರಿಂದ ಮತ್ತೆ ಹರಿಯುತ್ತಿದೆ. ಈ ನೀರಿಗೆ ಎರಡನೇ ಹಂತದ ಶುದ್ಧೀಕರಣ ಮಾತ್ರ ಆಗಿರುತ್ತದೆ, ಇನ್ನಷ್ಟು ಶುದ್ಧ ಮಾಡುವ ಮೂರನೇ ಹಂತ ಇಲ್ಲ. ಕೆರೆಯಿಂದ ನೇರ ಪಂಪು ಹಾಕುವಂತಿಲ್ಲ, ಇಂಗಿದ ಮೇಲೆ ಬೋರಿನಿಂದ ಎತ್ತಿಕೊಳ್ಳಿ ಎನ್ನುವುದು ಯೋಜನೆಯ ನಿಯಮ. ಬತ್ತಿದ ಬೋರುಗಳು ಮತ್ತೆ ನೀರು ಕೊಟ್ಟಿವೆ ಎಂದು ಬರೆದ ಓದುಗರೂ ಇದ್ದಾರೆ, ಬೇಡವೇ ಬೇಡ ಎಂದವರೂ ಇದ್ದಾರೆ. ನಾವು ಎರಡೂ ಕಡೆ ವಾಲುವುದಿಲ್ಲ. ಕೊಳಚೆ ನೀರನ್ನು ನಂಬಿಕೆ ಮೇಲೆ ಕುಡಿಯಲಾಗದು, ಅನುಮಾನದ ಮೇಲೆ ಚೆಲ್ಲಲೂ ಆಗದು. ಜಲ ಜೀವನ್ ಮಿಷನ್ ಅಡಿ ಪ್ರತಿ ಊರಿನಲ್ಲಿ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡಬೇಕು ಎಂದಿದೆ. ನಿಮ್ಮ ಊರಿನ ಆ ಐವರು ಯಾರು, ಕಿಟ್ ಎಲ್ಲಿದೆ ಎಂದು ವಿಚಾರಿಸಿ. ಬೀರುವಿನಲ್ಲಿ ಇದ್ದರೆ ಹೊರಗೆ ತೆಗೆಸಿ. ತಿಂಗಳಿಗೊಮ್ಮೆ, ಅದೇ ತಾರೀಖು, ಅದೇ ಮೂರು ಜಾಗ: ನೀರು ಕೆರೆಗೆ ಬೀಳುವಲ್ಲಿ, ಕೋಡಿಯಲ್ಲಿ, ಏರಿ ಕೆಳಗಿನ ಒಂದು ಬಾವಿಯಲ್ಲಿ. ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ದಾಟಿತಾ, ಫ್ಲೋರೈಡ್ ಒಂದೂವರೆ ದಾಟಿತಾ ನೋಡಿ. ಸೀಸ, ಕ್ರೋಮಿಯಂನಂಥ ಲೋಹಗಳು ಈ ಕಿಟ್ಟಿಗೆ ಸಿಗುವುದಿಲ್ಲ. ಅದಕ್ಕೆ ಪ್ರಯೋಗಾಲಯದ ವರದಿಯೇ ಬೇಕು, ಮಾಹಿತಿ ಹಕ್ಕಿನಲ್ಲಿ ಕೇಳಿ.

ಇದನ್ನು ನದಿಯ ಕೆಲಸ ಎಂದೇ ತಿಳಿಯಿರಿ. ನಿಮ್ಮ ಜಿಲ್ಲೆಯಲ್ಲಿ ಪಾಲಾರ್ ನದಿ ಎನ್ನುವುದು ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ಇಳಿಯುವ ನೀರೇ. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಬಿದ್ದಾಗ ಜನ ನದಿ ನೋಡಲು ಮಕ್ಕಳನ್ನು ಕರೆದುಕೊಂಡು ಹೋದರಲ್ಲ. ಕೋಡಿ ಕಲ್ಲಿನ ಮೇಲೆ ಬಣ್ಣದಲ್ಲಿ ಅಡಿ, ಇಂಚಿನ ಗುರುತು ಹಾಕಿಸಿ. ಶಾಲೆ ಮಕ್ಕಳು ವಾರಕ್ಕೊಮ್ಮೆ ಬರೆದಿಡಲಿ.

ಮೂರನೇ ಬೋರು? ಬೇಡ, ಈಗಲೇ ಬೇಡ. ನಿಮ್ಮ ಎರಡನೇ ಬೋರಿನಲ್ಲಿ ನೀರು ಕಡಿಮೆಯಾದದ್ದು ಪಕ್ಕದವರಿಂದಲೇ ಎಂದು ಇನ್ನೂ ಗೊತ್ತಾಗಿಲ್ಲ. ಕಲ್ಲಿನಲ್ಲಿ ನೀರು ಸೀಳುಗಳಲ್ಲಿ ಇರುತ್ತದೆ. ಇಬ್ಬರದೂ ಒಂದೇ ಸೀಳಾ, ಬೇರೆ ಬೇರೆಯಾ ಎಂದು ಮೊದಲು ನೋಡಬೇಕು. ಪಕ್ಕದವರ ಜೊತೆ ಮಾತು ಬಿಟ್ಟಿದ್ದೀರಿ ಎಂದು ಬರೆದಿದ್ದೀರಿ. ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಇಷ್ಟು ಕೇಳಿ: ಹದಿನೈದು ದಿನಗಳ ಕಾಲ ಒಂದು ದಿನ ಅವರ ಮೋಟಾರ್, ಒಂದು ದಿನ ನಿಮ್ಮದು. ಪ್ರತಿ ಸಲ ನೀರು ಬೀಳುವಲ್ಲಿ 20 ಲೀಟರ್ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತು, ಎಷ್ಟು ನಿಮಿಷಕ್ಕೆ ಗಾಳಿ ಬಂತು ಎಂದು ಬರೆದುಕೊಳ್ಳಿ. ಅವರದು ನಿಂತ ಮರುದಿನ ನಿಮ್ಮದು ಎರಡು ಗಂಟೆ ಓಡಿದರೆ ಬಹುಮಟ್ಟಿಗೆ ಸೀಳು ಒಂದೇ. ಆಗ ಮೂರನೇ ಬೋರೂ ಅದೇ ನೀರನ್ನೇ ಎಳೆಯುತ್ತದೆ, ದುಡ್ಡು ದಂಡ. ಇಬ್ಬರೂ ಪಾಳಿ ಹಾಕಿಕೊಂಡು, ಬೇಸಿಗೆ ಟೊಮೆಟೊ ಅರ್ಧ ಎಕರೆಗೆ ಇಳಿಸುವುದೇ ಲಾಭ. ವ್ಯತ್ಯಾಸವೇ ಕಾಣದಿದ್ದರೆ ಪಕ್ಕದವರ ಮೇಲಿನ ಸಿಟ್ಟು ಬಿಡಿ, ಬತ್ತಿದ ಮೊದಲ ಬೋರಿನ ಸುತ್ತ ಇಂಗುಗುಂಡಿ ಮಾಡಿಸುವ ಯೋಚನೆ ಮಾಡಿ.

ಆ ಹದಿನೈದು ದಿನದ ಹಾಳೆಯನ್ನು ನಮಗೂ ಒಂದು ಪ್ರತಿ ಕಳಿಸಿ. ಇಬ್ಬರ ಸಹಿಯೂ ಇರಲಿ. ಹೆಸರು ತೆಗೆದು ಅಂಕಿಗಳನ್ನು ಮಾತ್ರ ಅಚ್ಚು ಹಾಕುತ್ತೇವೆ.

ಸಂಪಾದಕ