ಕೆಚ್ಚಲು ಬಾವಿನ ಲ್ಯಾಬ್ ರಿಪೋರ್ಟ್ ಓದುವುದು ಹೇಗೆ

ಅಕ್ಕಾ, ನಿಮ್ಮ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್ ತಳಿಯ) ಹಸುವಿನ ಹಾಲಿನ ರಿಪೋರ್ಟ್ ನೋಡಿದೆ. ಹಿಂದಿನ ಎಡ ಮೊಲೆ ಇಂಜೆಕ್ಷನ್ ಕೊಟ್ಟಾಗ ಇಳಿಯುತ್ತದೆ, ಮತ್ತೆ ಊದುತ್ತದೆ ಅಂದಿದ್ದೀರಿ. ರಿಪೋರ್ಟಿನಲ್ಲಿ ‘ಗ್ರಾಂ ಪಾಸಿಟಿವ್ ಕಾಕೈ, ಕೋಯಾಗ್ಯುಲೇಸ್ ಪಾಸಿಟಿವ್, ಸ್ಟಾಫಿಲೋಕಾಕಸ್ ಆರಿಯಸ್’ ಅಂತಿದೆ. ಇದು ವೈರಸ್ಸಾ, ಪಕ್ಕದ ಹಸುಗಳಿಗೂ ಬರುತ್ತಾ ಅಂತ ಕೇಳಿದ್ದೀರಿ. ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಪಕ್ಕದ ಹಸುಗಳಿಗೆ ಖಂಡಿತ ಹರಡುತ್ತದೆ. ಇವತ್ತು ಸಂಜೆಯಿಂದಲೇ ಈ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ. ಉಳಿದದ್ದನ್ನು ನಿಧಾನವಾಗಿ ಓದಿ.

ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಇವು ವೈರಸ್‌ನಿಂದ ಬರುವಂಥವು. ವೈರಸ್ ತಾನಾಗಿ ಬೆಳೆಯಲಾರದು, ದನದ ಜೀವಕೋಶದ ಒಳಗೇ ಹೊಕ್ಕಬೇಕು. ಅದಕ್ಕೆ ಆಂಟಿಬಯೋಟಿಕ್ ತಾಗುವುದಿಲ್ಲ, ಲಸಿಕೆಯೇ ದಾರಿ. ಬ್ಯಾಕ್ಟೀರಿಯಾಗೆ ಆಹಾರ ಸಿಕ್ಕರೆ ಸಾಕು, ಲ್ಯಾಬಿನ ತಟ್ಟೆಯಲ್ಲೂ ರಾತ್ರಿ ಕಳೆಯುವುದರೊಳಗೆ ಬೆಳೆಯುತ್ತದೆ. ಹಾಗೆ ಬೆಳೆಸಿ ನೋಡುವುದಕ್ಕೇ ಕಲ್ಚರ್ ಅನ್ನುವುದು.

ಇನ್ನು ‘ಗ್ರಾಂ’. ಇದು ತೂಕದ ಗ್ರಾಂ ಅಲ್ಲ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ಬಣ್ಣದ ಪರೀಕ್ಷೆ. ಗಾಜಿನ ಮೇಲೆ ಬ್ಯಾಕ್ಟೀರಿಯಾ ಸವರಿ, ನೇರಳೆ ಬಣ್ಣ ಹಾಕಿ, ಅಯೋಡಿನ್ ಹಾಕಿ, ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯುತ್ತಾರೆ. ಹೊರಗೋಡೆ ದಪ್ಪ ಇದ್ದರೆ ನೇರಳೆ ಉಳಿಯುತ್ತದೆ, ಅದು ಪಾಸಿಟಿವ್. ಗೋಡೆ ತೆಳು ಇದ್ದರೆ ತೊಳೆದು ಹೋಗಿ, ಕೊನೆಗೆ ಹಾಕುವ ಕೆಂಪು ಬಣ್ಣ ಹಿಡಿದು ಗುಲಾಬಿ ಕಾಣುತ್ತದೆ, ಅದು ನೆಗೆಟಿವ್. ನೆಗೆಟಿವ್ ಅಂತ ಬಂದರೆ ರೋಗ ಇಲ್ಲ ಅಂತ ಖುಷಿಪಡಬೇಡಿ. ಜಾಸ್ತಿ ಜನ ತಪ್ಪು ತಿಳಿಯುವುದು ಇಲ್ಲೇ.

ಕಾಕೈ ಅಂದರೆ ಗುಂಡಗಿರುವವು, ಬ್ಯಾಸಿಲೈ ಅಂದರೆ ಕಡ್ಡಿಯ ಆಕಾರದವು. ಸ್ಟಾಫಿಲೋಕಾಕಸ್ ಗೊಂಚಲಾಗಿ ಇರುತ್ತದೆ, ಸ್ಟ್ರೆಪ್ಟೋಕಾಕಸ್ ಸರಪಳಿಯಾಗಿ. ಕೋಯಾಗ್ಯುಲೇಸ್ ಪರೀಕ್ಷೆಗೆ ಟ್ಯೂಬಿನಲ್ಲಿ ಮೊಲದ ಪ್ಲಾಸ್ಮಾ (ರಕ್ತದ ನೀರಿನಂಥ ಭಾಗ) ತೆಗೆದುಕೊಂಡು ಬ್ಯಾಕ್ಟೀರಿಯಾ ಸೇರಿಸುತ್ತಾರೆ. ಕೆಲವು ಗಂಟೆಯಲ್ಲಿ ಅದು ಹೆಪ್ಪುಗಟ್ಟಿದರೆ ಪಾಸಿಟಿವ್. ಸ್ಟಾಫ್‌ಗಳಲ್ಲಿ ಹಟಮಾರಿ ಜಾತಿಯನ್ನು ಹೀಗೆ ಬೇರೆ ಮಾಡುತ್ತಾರೆ.

ಹೆಸರು ಗೊತ್ತಾದರೆ ಅದು ಎಲ್ಲಿಂದ ಬಂತು ಅಂತಲೂ ಗೊತ್ತಾಗುತ್ತದೆ. ರಿಪೋರ್ಟಿನ ನಿಜವಾದ ಬೆಲೆ ಇರುವುದೇ ಇಲ್ಲಿ. ಗ್ರಾಂ ನೆಗೆಟಿವ್ ಕಡ್ಡಿ ಈ.ಕೋಲೈ ಆಗಿದ್ದರೆ ಅದು ಸಗಣಿ, ಒದ್ದೆ ನೆಲದಿಂದ ಬಂದದ್ದು. ದಿಢೀರ್ ಜ್ವರ, ನೀರು ನೀರಾದ ಹಾಲು, ಕೆಲವು ಹಸು ಮಲಗಿಯೇ ಬಿಡುತ್ತವೆ. ಆಗ ಕೊಟ್ಟಿಗೆ ಒಣಗಿಸಬೇಕು. ಆರಿಯಸ್ ಮುಖ್ಯವಾಗಿ ಇರುವುದು ಸೋಂಕಾದ ಕೆಚ್ಚಲಿನಲ್ಲಿ. ಅಲ್ಲಿಂದ ಕರೆಯುವ ಕೈ, ಒರೆಸುವ ಬಟ್ಟೆ, ಮಷೀನಿನ ಕಪ್ ಮೂಲಕ ಇನ್ನೊಂದಕ್ಕೆ ದಾಟುತ್ತದೆ. ಎಲ್ಲ ಹಸುಗಳಿಗೂ ಒಂದೇ ಬಟ್ಟೆ ಬಳಸುತ್ತಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ. ಕರೆದ ತಕ್ಷಣ ಪ್ರತಿ ತೊಟ್ಟನ್ನೂ ಅಯೋಡಿನ್ ಟೀಟ್ ಡಿಪ್‌ನಲ್ಲಿ (ತೊಟ್ಟು ಅದ್ದುವ ದ್ರಾವಣ) ಅದ್ದಿ.

ಯಾವ ಔಷಧಕ್ಕೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ ಅಂತಲೂ ಲ್ಯಾಬಿನ ತಟ್ಟೆಯಲ್ಲೇ ನೋಡುತ್ತಾರೆ. ನಿಮ್ಮ ರಿಪೋರ್ಟಿನಲ್ಲಿ ಪೆನಿಸಿಲಿನ್ ಮುಂದೆ ‘ಆರ್’ ಇದೆ. ಆರ್ ಅಂದರೆ ಆ ಔಷಧಕ್ಕೆ ಬಗ್ಗುವುದಿಲ್ಲ, ಎಸ್ ಅಂದರೆ ಬಗ್ಗುತ್ತದೆ. ಆದರೆ ತಟ್ಟೆಯಲ್ಲಿ ಸತ್ತದ್ದು ಕೆಚ್ಚಲಿನಲ್ಲೂ ಸಾಯುತ್ತದೆ ಅಂತಿಲ್ಲ. ಆರಿಯಸ್ ಜೀವಕೋಶಗಳ ಒಳಗೂ, ಸಣ್ಣ ಸಣ್ಣ ಕೀವುಗಂಟುಗಳಲ್ಲೂ ಅಡಗಿರುತ್ತದೆ. ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ನಿಮ್ಮ ಹಸುವಿಗೆ ಇಳಿದು ಇಳಿದು ಬರುತ್ತಿರುವುದು ಇದರಿಂದಲೇ ಇರಬಹುದು. ಸುಮ್ನೆ ತೊಟ್ಟಿಗೆ ಏರಿಸುವ ಔಷಧದ ಟ್ಯೂಬ್ ಬದಲಾಯಿಸುತ್ತಾ ಹೋಗಬೇಡಿ. ಹಾಲು ಬತ್ತಿಸುವಾಗ ಕೊಡುವ ಡ್ರೈ ಕೌ ಟ್ಯೂಬ್ ಬಗ್ಗೆ ನಿಮ್ಮ ಪಶುವೈದ್ಯರ ಹತ್ತಿರ ಮಾತಾಡಿ. ಹಾಲು ಕೊಡುವ ಕಾಲಕ್ಕಿಂತ ಆಗ ಗುಣವಾಗುವ ಸಾಧ್ಯತೆ ಜಾಸ್ತಿ. ಆ ಮೊಲೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಮಾತ್ರ ಆಸೆ ಕಡಿಮೆ.

ಉಳಿದ ಹಸುಗಳಿಗೆ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್, ಕೆಚ್ಚಲು ಬಾವು ಪತ್ತೆಹಚ್ಚುವ ಹಾಲಿನ ಪರೀಕ್ಷೆ) ಮಾಡಿಸಿ. ಊತ, ಹಾಲಿನಲ್ಲಿ ಗರಣೆ ಏನೂ ಕಾಣದಿದ್ದರೂ ಒಳಗೆ ಸೋಂಕು ಇರಬಹುದು, ಅದಕ್ಕೆ ಸಬ್‌ಕ್ಲಿನಿಕಲ್ ಅನ್ನುತ್ತಾರೆ. ಕಲ್ಚರ್‌ಗೆ ಹಾಲು ಕೊಡುವಾಗ ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಉಜ್ಜಿ, ಮೊದಲ ಕೆಲವು ಧಾರೆ ಬಿಟ್ಟು, ಲ್ಯಾಬ್ ಕೊಟ್ಟ ಟ್ಯೂಬಿಗೇ ಹಿಡಿಯಿರಿ. ಐಸ್‌ನಲ್ಲಿಟ್ಟು ಕಳಿಸಿ. ‘ಮಿಕ್ಸೆಡ್ ಗ್ರೋತ್’ ಅಂತ ಬಂದರೆ ಹೆಚ್ಚಾಗಿ ಸ್ಯಾಂಪಲ್ಲಿಗೆ ಹೊರಗಿನ ಕೊಳೆ ಸೇರಿದೆ ಅಂತ ಅರ್ಥ, ಮತ್ತೆ ತೆಗೆಯಬೇಕು. ಆರಿಯಸ್ ಕೆಲವು ದಿನ ಹಾಲಿನಲ್ಲಿ ಬರುವುದೇ ಇಲ್ಲ. ಹಾಗಾಗಿ ಒಂದು ಸಲ ಏನೂ ಬೆಳೆಯಲಿಲ್ಲ ಅಂದರೆ ಇನ್ನೊಮ್ಮೆ ಕಳಿಸಿ.

ಆ ಮೊಲೆಯ ಹಾಲನ್ನು ಕಾಯಿಸಿ ಕುಡಿದರೆ ಆಗಲ್ವಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಬೇಡ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಆರಿಯಸ್ ಹಾಲಿನಲ್ಲಿ ಬಿಟ್ಟಿರಬಹುದಾದ ವಿಷ ಕುದಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರುತ್ತದೆ. ಕರುವಿಗೂ ಹಾಕಬೇಡಿ, ಕೊಟ್ಟಿಗೆ ನೆಲಕ್ಕೂ ಹಿಂಡಬೇಡಿ. ಬೇರೆ ಪಾತ್ರೆಗೆ ಹಿಂಡಿ ದೂರ ಗುಂಡಿಗೆ ಸುರಿಯಿರಿ.