ಕಲಸುವುದು, ಬೆರೆಸುವುದು, ಕಲಬೆರಕೆ ಮಾಡುವುದು

ಪ್ರಶ್ನೆ: ಪಾಲಕರ ಸಭೆಯೊಂದರಲ್ಲಿ ನಾನು, "ಬಿಸಿಯೂಟದ ವಿಷಯವನ್ನೂ ಪ್ರವಾಸದ ಲೆಕ್ಕವನ್ನೂ ದಯವಿಟ್ಟು ಕಲಬೆರಕೆ ಮಾಡಬೇಡಿ" ಎಂದೆ. ಹಿರಿಯರೊಬ್ಬರು, "ನಾವೇನು ಹಾಲಿಗೆ ನೀರು ಹಾಕುವವರೇ, ಅಕ್ಕೋರೇ?" ಎಂದು ಬೇಸರಪಟ್ಟುಕೊಂಡರು. ನಾನು ಬಳಸಿದ ಪದ ತಪ್ಪೇ? ಬೆರೆಸು, ಕಲಸು, ಸೇರಿಸು, ಮಿಶ್ರಣ ಮಾಡು ಎಂಬ ಇಷ್ಟೊಂದು ಪದಗಳಿರುವಾಗ ಯಾವುದನ್ನು ಎಲ್ಲಿ ಬಳಸಬೇಕು?
– ಪ್ರೌಢಶಾಲಾ ಅಧ್ಯಾಪಕಿ, ಕುಮಟಾ

ಉತ್ತರ: ಹಿರಿಯರು ಬೇಸರಪಟ್ಟುಕೊಂಡದ್ದರಲ್ಲಿ ನ್ಯಾಯವಿದೆ. ಕಲಬೆರಕೆ ಎಂಬ ಪದದೊಳಗೆ ಲಾಭದಾಸೆಯಿಂದ ಮಾಡಿದ ಮೋಸದ ಅರ್ಥ ಕುಳಿತುಬಿಟ್ಟಿದೆ. ಆಹಾರ ಪದಾರ್ಥಗಳ ಬಗೆಗಿನ 1954ರ ಕೇಂದ್ರ ಕಾನೂನನ್ನು ಕನ್ನಡದಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ ಎಂದೇ ಕರೆದರು. ಆ ಮೇಲೆ ಈ ಪದಕ್ಕೆ ಅಂಗಡಿ, ತಪಾಸಣೆ ಮತ್ತು ದಂಡದ ವಾಸನೆ ಇನ್ನಷ್ಟು ಅಂಟಿಕೊಂಡಿತು. ಶಿರಸಿಯಲ್ಲಿ ಅಡಿಕೆ ವಿಂಗಡಿಸುವವರ ಬಳಕೆಯನ್ನು ಗಮನಿಸಿದರೆ ಈ ಸೂಕ್ಷ್ಮ ಸ್ಪಷ್ಟವಾಗುತ್ತದೆ: ಚಾಲಿ, ಕೋಕಾ, ಬಿಳೆಗೋಟು ಎಂದು ದರ್ಜೆಯ ಪ್ರಕಾರ ಬೇರೆ ಬೇರೆಯಾಗಿ ಹಾಕಿಟ್ಟ ಗುಡ್ಡೆಗಳು ಆಳುಗಳ ಕೈತಪ್ಪಿನಿಂದ ಒಂದಾದರೆ "ಬೆರೆತುಹೋಯಿತು" ಎನ್ನುತ್ತೇವೆ, ಒಳ್ಳೆಯ ಚಾಲಿಯ ಚೀಲದ ಅಡಿಯಲ್ಲಿ ಯಾರಾದರೂ ಕಳಪೆ ದರ್ಜೆಯ ಕೋಕಾ ತುಂಬಿ ತಂದರೆ ಮಾತ್ರ ಅದು ಕಲಬೆರಕೆ. ಅಡಿಕೆಗೆ ಆದದ್ದು ಎರಡೂ ಕಡೆ ಒಂದೇ, ಮಾಡಿದವನ ಮನಸ್ಸು ಬೇರೆ.

ಆದರೆ "ಬೆರಕೆ"ಗೆ ತಾನಾಗಿ ಈ ಕಳಂಕವಿಲ್ಲ. ಬೆರಕೆ ಸೊಪ್ಪಿನ ಸಾರನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. (ಘಟ್ಟದ ಮೇಲೆ ಹುಬ್ಬಳ್ಳಿಯ ಕಡೆ "ಭಾಳ ಬೆರಕಿ ಅದಾನ" ಎಂದರೆ ಆತ ಚಾಲಾಕಿ ಎಂದರ್ಥ, ಅದು ಬೈಗುಳವೋ ಮೆಚ್ಚುಗೆಯೋ ಎಂಬುದು ಹೇಳುವವರ ಮುಖ ನೋಡಿದರಷ್ಟೇ ತಿಳಿಯುತ್ತದೆ.)

ಇನ್ನು ಉಳಿದ ಪದಗಳು. ಕಲಸುವುದಕ್ಕೆ ಕೈ ಬೇಕು ಮತ್ತು ಸಾಮಾನ್ಯವಾಗಿ ಪಸೆಯೂ ಬೇಕು. ಹಿಟ್ಟು ಕಲಸುತ್ತೇವೆ, ಸಿಮೆಂಟ್ ಕಲಸುತ್ತೇವೆ, ಅನ್ನಕ್ಕೆ ತಂಬುಳಿ ಹಾಕಿಕೊಂಡು ಕಲಸುತ್ತೇವೆ. ಬೆರೆಸುವುದಕ್ಕೆ ಕೈಯಾಡಿಸುವ ಅಗತ್ಯವಿಲ್ಲ. ಬೆರೆಯುವುದು ವಸ್ತುವಿನ ಗುಣ. ಆದ್ದರಿಂದಲೇ ಮನುಷ್ಯರು ಜನರೊಡನೆ ಬೆರೆಯುತ್ತಾರೆಯೇ ಹೊರತು ಅವರನ್ನು ಯಾರೂ ಕಲಸಲಾಗದು. ಸೇರುವುದೆಂದರೆ ತಲುಪುವುದು, ಒಳಗಾಗುವುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಹುಟ್ಟಿ ಇಲ್ಲೇ ಕೊನೆಗೊಳ್ಳುವ ಅಘನಾಶಿನಿಯನ್ನು ನೋಡಿ: ನದಿಯು ತದಡಿಯ ಬಳಿ ಕಡಲನ್ನು ಸೇರುತ್ತದೆ, ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ, ಮಳೆಗಾಲದ ಕೆಂಪು ನೆರೆಯಲ್ಲಿ ಆ ನೀರು ಕದಡುತ್ತದೆ. ಈ ಮೂರು ಕ್ರಿಯಾಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ ವಾಕ್ಯ ಕೆಡುತ್ತದೆ. ಗಜನಿಯಲ್ಲಿ, ಅಂದರೆ ಅಳಿವೆಯ ಬದಿಯ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಎಂಬ ಭತ್ತ ಬೆಳೆಯುವ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಪ್ಪು ತಡೆಯುವ ಆ ಭತ್ತ ನಿಂತಿರುವುದೇ ಬೆರೆತ ನೀರಿನಲ್ಲಿ.

ಬೆರೆತದ್ದನ್ನು ಮತ್ತೆ ಬೇರೆ ಮಾಡಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಅಲಂಕಾರಶಾಸ್ತ್ರವೂ ಕೇಳಿಕೊಂಡಿದೆ. ಒಂದು ಪದ್ಯದಲ್ಲಿ ಎರಡು ಅಲಂಕಾರಗಳು ಎಳ್ಳೂ ಅಕ್ಕಿಯೂ ಬೆರೆತಂತೆ ಬಿಡಿಬಿಡಿಯಾಗಿ ಕಾಣುತ್ತಿದ್ದರೆ ಅದು ಸಂಸೃಷ್ಟಿ. ಹಾಲೂ ನೀರೂ ಬೆರೆತಂತೆ ಬಿಡಿಸಲಾಗದಿದ್ದರೆ ಸಂಕರ. ಇವುಗಳಿಗೆ ಕ್ರಮವಾಗಿ ತಿಲತಂಡುಲ ನ್ಯಾಯ, ಕ್ಷೀರನೀರ ನ್ಯಾಯ ಎಂದು ಹೆಸರು. ಹಳೆಯ ಕನ್ನಡ ಕವಿಗಳಂತೂ ಭಾಷೆಯ ಬೆರಕೆಯನ್ನು ಕುರಿತು ಮಾತನಾಡುವಾಗಲೆಲ್ಲ ಅಡುಗೆಮನೆಗೇ ಹೋದರು. ತಿಳಿವಿಲ್ಲದೆ ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳಿದರೆ, 1112ರ ಧರ್ಮಾಮೃತದಲ್ಲಿ ನಯಸೇನನು ತುಪ್ಪವನ್ನೂ ಎಣ್ಣೆಯನ್ನೂ ಬೆರಸುವುದು ತಕ್ಕುದೇ ಎಂದು ಕೇಳಿದನು. ಇಬ್ಬರೂ ಆರಿಸಿಕೊಂಡ ಕ್ರಿಯಾಪದ "ಬೆರಸು" ಎಂಬುದನ್ನು ಗಮನಿಸಬೇಕು. ವೈಯಾಕರಣರು ಇಂಥ ಸಮಾಸಕ್ಕೆ ಅರಿಸಮಾಸ, ಅಂದರೆ ಹಗೆಯ ಸಮಾಸ, ಎಂದು ಹೆಸರಿಟ್ಟರು. ಅವರ ಕಟ್ಟುನಿಟ್ಟನ್ನು ನಾವು ಪಾಲಿಸಿಲ್ಲ. ಕೆಲವು ಸಾಲುಗಳ ಹಿಂದೆ ನಾನೇ ಬರೆದ "ಮಳೆಗಾಲ"ದಲ್ಲಿ ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು, ಹಾಲೇನೂ ಒಡೆಯಲಿಲ್ಲ.

ವಿಷಯಗಳ ಮಾತಿಗೆ ಬಂದರೆ, ತಾವು ಸಭೆಯಲ್ಲಿ "ಎರಡನ್ನೂ ಒಂದೇ ಮಾಡಬೇಡಿ" ಎನ್ನಬಹುದಿತ್ತು, ಅಥವಾ "ಇದಕ್ಕೂ ಅದಕ್ಕೂ ತಳಕು ಹಾಕಬೇಡಿ" ಎನ್ನಬಹುದಿತ್ತು. ಸಲುಗೆಯಿದ್ದ ಕಡೆ "ಕಲಸುಮೇಲೋಗರ" ಎಂಬ ಸೊಗಸಾದ ಪದವಿದೆ. ಓಗರವೆಂದರೆ ಅನ್ನ, ಅದರ ಜೊತೆಗೆ ಬಡಿಸುವ ವ್ಯಂಜನ ಮೇಲೋಗರ. ಎಲೆಯ ಮೇಲೆ ಅದರದರ ಜಾಗದಲ್ಲಿರಬೇಕಾದದ್ದೆಲ್ಲ ಒಂದಾದಾಗಿನ ಸ್ಥಿತಿ ಅದು. ಈಗಿನವರು ಇದೇ ಅರ್ಥದಲ್ಲಿ "ಎಲ್ಲ ಚಿತ್ರಾನ್ನವಾಯಿತು" ಎನ್ನುತ್ತಾರೆ. ಚಿತ್ರಾನ್ನಕ್ಕೆ ಇದರಿಂದ ಅನ್ಯಾಯವಾಗಿದೆ ಎಂಬುದು ನನ್ನ ಅಭಿಪ್ರಾಯ. ಸಭೆಯಲ್ಲಿ ಹಿರಿಯರೆದುರು ಇವೆರಡೂ ಬೇಡ. "ಮಿಶ್ರಣ"ವನ್ನು ಔಷಧಿಗೂ ಗೊಬ್ಬರಕ್ಕೂ, "ಸಮ್ಮಿಶ್ರ"ವನ್ನು ಸರ್ಕಾರಗಳಿಗೂ ಬಿಟ್ಟುಕೊಡುವುದು ಒಳ್ಳೆಯದು.

ಪ್ರಶ್ನೆ: ಕಚೇರಿಯೊಂದರ ವರದಿಯನ್ನು ಕನ್ನಡಕ್ಕೆ ತರುವಾಗ "ಸಿಬ್ಬಂದಿಯು ಕದ್ರಾ ಅಣೆಕಟ್ಟನ್ನು ಕೊಡಸಳ್ಳಿಯೊಂದಿಗೆ ಗೊಂದಲಗೊಳಿಸಿದ್ದಾರೆ" ಎಂದು ಬರೆದೆ. ನನ್ನ ಮನೆಮಾತು ಕೊಂಕಣಿ. ಓದಿದವರು ನಕ್ಕರು, ಕಾರಣ ಹೇಳಲಿಲ್ಲ.
– ಓದುಗ, ಕಾರವಾರ

ಉತ್ತರ: ಮನೆಮಾತಿನ ಮೇಲೆ ತಪ್ಪು ಹೊರಿಸಬೇಡಿ, ಕನ್ನಡವೇ ಮನೆಮಾತಾದವರೂ ಈಗ ಹೀಗೆಯೇ ಬರೆಯುತ್ತಿದ್ದಾರೆ. ಗೊಂದಲವಾಗುವುದು ಮನಸ್ಸಿಗೆ, ಸಭೆಗೆ, ಸಂತೆಗೆ. ಅಣೆಕಟ್ಟಿಗೆ ಗೊಂದಲವಾಗುವುದಿಲ್ಲ, ತಮ್ಮ ವಾಕ್ಯದಲ್ಲಿ ಕದ್ರಾ ಅಣೆಕಟ್ಟೇ ಕಕ್ಕಾಬಿಕ್ಕಿಯಾಗಿ ನಿಂತಂತಿದೆ. ಇದೊಂದು ತೊಡಕು. ಇನ್ನೊಂದು ತೊಡಕೆಂದರೆ, ಸಿಬ್ಬಂದಿಗೆ ನಿಜವಾಗಿ ಏನಾಯಿತೆಂಬುದೇ ಈ ವಾಕ್ಯದಿಂದ ತಿಳಿಯುವುದಿಲ್ಲ. ಇದು ಕದ್ರಾವೋ ಕೊಡಸಳ್ಳಿಯೋ ಎಂದು ತೀರ್ಮಾನಿಸಲಾಗದೆ ಹೊಯ್ದಾಡಿದರೆ ಅದು ಸಂದೇಹ. ಕಪ್ಪೆಚಿಪ್ಪಿನ ಹೊಳಪನ್ನು ಬೆಳ್ಳಿಯೆಂದು ನಂಬಿದಂತೆ ಒಂದನ್ನು ಇನ್ನೊಂದೆಂದು ಖಚಿತವಾಗಿ ತಿಳಿದರೆ ಅದು ಭ್ರಾಂತಿ. ತಿಳಿದೂ ಹೆಸರುಗಳ ಜಾಗ ಬದಲಾದರೆ ಬರೀ ಅದಲುಬದಲು. ಎರಡೂ ಅಣೆಕಟ್ಟುಗಳು ಕಾಳಿ ನದಿಗೇ ಕಟ್ಟಿದವು, ಕೊಡಸಳ್ಳಿ ಮೇಲೆ ಯಲ್ಲಾಪುರ ತಾಲ್ಲೂಕಿನಲ್ಲಿದೆ, ಕದ್ರಾ ಕೆಳಗೆ ಕಾರವಾರ ತಾಲ್ಲೂಕಿನಲ್ಲಿದೆ. ಆದ್ದರಿಂದ ಭ್ರಾಂತಿಗಿಂತ ಅದಲುಬದಲೇ ಹೆಚ್ಚು ಸಂಭವ. ಹಾಗಿದ್ದರೆ "ಕದ್ರಾ ಎಂದು ಬರೆಯಬೇಕಾದಲ್ಲಿ ಸಿಬ್ಬಂದಿಯು ಕೊಡಸಳ್ಳಿ ಎಂದು ಬರೆದಿದ್ದಾರೆ" ಎಂದರೆ ಸಾಕು.