ಕಾಲುವೆ ದಂಡೆಯ ಮೇಲೆ ನಿಂತವನು

ಪ್ರಶ್ನೆ: ಎಡದಂಡೆ ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ ನಡೆದದ್ದು. ಎಮ್ಮೆ ಮೈ ತೊಳೆಯಲು ಇಳಿದ ಹುಡುಗ ಜಾರಿ ಕೊಚ್ಚಿಕೊಂಡು ಹೋದ. ನನಗೆ ಈಜು ಬರುವುದಿಲ್ಲ. ಕೂಗುತ್ತಾ ದಂಡೆಗುಂಟ ಓಡಿದೆ. ಮುಂದೆ ಸೇತುವೆ ಹತ್ತಿರ ಗದ್ದೆಯವರು ಟ್ರ್ಯಾಕ್ಟರ್ ಹಗ್ಗ ಎಸೆದು ಎಳೆದುಕೊಂಡರು. ಹುಡುಗ ಬದುಕಿದ. ಆಸ್ಪತ್ರೆಗೆ ಹೊರಟಾಗ ಯಾರೋ "ಪೊಲೀಸ್ ಕೇಸ್ ಆದೀತು" ಅಂದರು. ನಾನು ಬೈಕ್ ಹತ್ತಿ ಮನೆಗೆ ಬಂದುಬಿಟ್ಟೆ. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಎಂದು ಯೇಸುಸ್ವಾಮಿ ಹೇಳಿದ್ದಾರೆ. ಕ್ರೈಸ್ತನಾಗಿ ನಾನು ಹಾರಬೇಕಿತ್ತಾ?
— ಹೆಸರು ಬೇಡ, ಕಾರಟಗಿ

ಉತ್ತರ: ಹಾರಬಾರದಿತ್ತು, ಹಾರಲಿಲ್ಲ, ಒಳ್ಳೆಯದೇ ಆಯಿತು. ಹಾರಿದ್ದರೆ ಗದ್ದೆಯವರು ಇಬ್ಬರನ್ನು ಎಳೆಯಬೇಕಾಗುತ್ತಿತ್ತು. ಆ ಕಾಲುವೆಯ ಇಳಿಜಾರು ಪಾಚಿ ಕಟ್ಟಿ ಸೋಪು ಸವರಿದ ಹಾಗಿರುತ್ತದೆ. ಮುಳುಗುವವನು ಸಿಕ್ಕಿದವರನ್ನು ಅಪ್ಪಿಕೊಂಡುಬಿಡುತ್ತಾನೆ, ಚೆನ್ನಾಗಿ ಈಜುವವರೂ ಬಿಡಿಸಿಕೊಳ್ಳಲಾರರು. ಹಗ್ಗ, ಸೀರೆ, ಬಿದಿರು ಗಳ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಇವೇ ಸರಿ. ಅದೂ ದಂಡೆಯ ಮೇಲೆ ಬೋರಲು ಮಲಗಿ ಕೊಡಬೇಕು, ಇಲ್ಲದಿದ್ದರೆ ನಮ್ಮನ್ನೇ ಎಳೆದುಕೊಳ್ಳುತ್ತದೆ. ಪ್ರಾಣ ಕೊಡುವ ಆ ಮಾತು ಹೇಳಿದ ಯೇಸುಸ್ವಾಮಿ ಮರುದಿನ ಶಿಲುಬೆಗೆ ಹೋದರು, ನಿಜ. ಆದರೆ ಈಜು ಬಾರದವನು ಕಣ್ಣುಮುಚ್ಚಿ ನೀರಿಗೆ ಬೀಳಲಿ ಎಂಬ ಅಪ್ಪಣೆ ಅದರಲ್ಲಿ ನನಗಂತೂ ಕಂಡಿಲ್ಲ.

ನೀವು ಕೇಳದೆ ಬಿಟ್ಟ ಪ್ರಶ್ನೆ ಇನ್ನೊಂದಿದೆ, ಬೈಕ್ ಹತ್ತಿದ್ದು. ನಾನು ಬಳ್ಳಾರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನರ್ಸ್ ಆಗಿದ್ದವಳು. ನೀರಿನಿಂದ ಎತ್ತಿದವರು ಬಂದರೆ ಡಾಕ್ಟರ್ ಮೊದಲು ಕೇಳುವುದು ಎರಡೇ ಮಾತು: ಯಾವಾಗ ಬಿದ್ದ, ಎಷ್ಟು ಹೊತ್ತು ನೀರಲ್ಲಿದ್ದ? ಅದು ಗೊತ್ತಿದ್ದದ್ದು ನಿಮಗೊಬ್ಬರಿಗೇ. ಹಗ್ಗ ಎಸೆದವರು ಹುಡುಗನನ್ನು ನೋಡಿದ್ದು ಕೊನೆಯಲ್ಲಿ.

ಬೈಬಲಿನಲ್ಲಿ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯ ಮತ್ತೆ ಓದಿ. ಕಳ್ಳರು ಹೊಡೆದು ಬಿಟ್ಟುಹೋದವನೊಬ್ಬ ದಾರಿಯಲ್ಲಿ ಬಿದ್ದಿದ್ದ. ಯಾಜಕ ನೋಡಿ ಆಚೆ ಬದಿಯಿಂದ ಹೋದ, ದೇವಾಲಯದ ಸೇವೆಯ ಲೇವಿಯನೂ ಹೋದ. ನಿಂತದ್ದು ಯೆಹೂದ್ಯರಿಗೆ ಆಗದ ಸಮಾರ್ಯದವನು. ಅವನು ಕಳ್ಳರ ಜೊತೆ ಬಡಿದಾಡಲಿಲ್ಲ, ಅವರು ಅಷ್ಟೊತ್ತಿಗೆ ಹೋಗಿಯಾಗಿತ್ತು. ಚೀಲದಲ್ಲಿದ್ದ ಎಣ್ಣೆ, ದ್ರಾಕ್ಷಾರಸ ಸುರಿದ, ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದ. ಮರುದಿನ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ಚರ್ಚಿನ ಪ್ರಸಂಗದಲ್ಲಿ ಈ ಮರುದಿನದ ಮಾತು ಬರುವುದೇ ಕಡಿಮೆ. ನಿಮ್ಮ ಚೀಲದಲ್ಲಿದ್ದದ್ದು ಆ ಎರಡು ಉತ್ತರ.

ಬೈಯುವ ಹಕ್ಕು ನನಗಿಲ್ಲ ಬಿಡಿ. ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಸಿರುಗುಪ್ಪ ರಸ್ತೆಯಲ್ಲಿ ಸೈಕಲ್ ಸವಾರನೊಬ್ಬ ಬಿದ್ದಿದ್ದ. ನಮ್ಮವರು "ಕೋರ್ಟಿಗೆ ಅಲೆಯೋದು ಯಾರು" ಅಂದರು, ಜೀಪು ನಿಲ್ಲಲಿಲ್ಲ. ನರ್ಸ್ ಆಗಿದ್ದೂ ನಾನು ಸುಮ್ನೆ ಕೂತಿದ್ದೆ. ಅವನ ಒಂದು ಚಪ್ಪಲಿ ರಸ್ತೆ ಮಧ್ಯ ಬಿದ್ದಿತ್ತು, ನೀಲಿ ಪಟ್ಟಿಯದು. ಡ್ರೈವರ್ ಅದನ್ನು ತಪ್ಪಿಸಿ ಓಡಿಸಿದ.

ಆಗಿನ ಭಯಕ್ಕೆ ಈಗ ಅಷ್ಟು ಆಧಾರವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್, 2019ರಲ್ಲಿ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ರಸ್ತೆ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಟ್ಟಿವೆ. ಹೆಸರು, ವಿಳಾಸ ಹೇಳು ಎಂದು ಬಲವಂತ ಮಾಡುವಂತಿಲ್ಲ. ಅದು ರಸ್ತೆಯ ಕಾನೂನು, ಕಾಲುವೆಯದ್ದಲ್ಲ. ಆದರೂ ಮುಳುಗಿದವನನ್ನು ಕರೆತಂದವರಿಗೆ ಬೆಂಚು ತೋರಿಸಿ ನೀರು ಕೊಟ್ಟದ್ದೇ ನನಗೆ ನೆನಪು.

ಇದೇ ನೆಪದಲ್ಲಿ ಇನ್ನೊಂದು ಮಾತು. ಎತ್ತಿದವರನ್ನು ತಲೆಕೆಳಗೆ ಮಾಡಿ ತಿರುಗಿಸಬೇಡಿ, ಹೊಟ್ಟೆ ಒತ್ತಬೇಡಿ. ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆ ಎಂಬ ವಾಟ್ಸಾಪ್ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ, ಶುದ್ಧ ಸುಳ್ಳು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಊದಬೇಕು, ಎದೆ ಒತ್ತಬೇಕು, 108ಕ್ಕೆ ಫೋನ್ ಮಾಡಬೇಕು. ಎದ್ದು ಮಾತಾಡಿದರೂ ಆಸ್ಪತ್ರೆ ತಪ್ಪಿಸಬಾರದು. ಶ್ವಾಸಕೋಶಕ್ಕೆ ಹೋದ ನೀರು ಕೆಲವು ಗಂಟೆ ಬಿಟ್ಟು ತೊಂದರೆ ಕೊಡಬಹುದು.

ಹುಡುಗನ ಮನೆ ಹುಡುಕುವುದು ಕಷ್ಟವಾಗಲಾರದು, ಗದ್ದೆಯವರಿಗೆ ಗೊತ್ತಿರುತ್ತದೆ. ಒಂದು ಡಜನ್ ಬಾಳೆಹಣ್ಣು ತಗೊಂಡು ಹೋಗಿ ಬನ್ನಿ. ಎಮ್ಮೆ ಏನಾಯಿತು ಅಂತ ನೀವು ಬರೆದೇ ಇಲ್ಲ, ಅದನ್ನೂ ಕೇಳಿ.